ಬೀಗದ ಒಳಗಿನ ಹಸಿರು

ಸೆಪ್ಟೆಂಬರ್ 4

ಅತ್ತಿಗೆಗೆ ನಮಸ್ಕಾರ.

ಒಂದೂವರೆ ವರ್ಷ ಒಂದು ಸಾಲೂ ಬರೆಯದವನು ಈಗ ಕಚೇರಿಯ ಕೆಲಸ ಹಿಡಿದುಕೊಂಡು ಬಂದಿದ್ದಾನೆ ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂದ ಮೇಲೆ ಮುಂದೆ ಹೋಗುವುದಿಲ್ಲ.

ನಮ್ಮ ಅಂಕಿಅಂಶ ವಿಭಾಗಕ್ಕೆ ಹೊಸ ಕೆಲಸ ಬಂದಿದೆ. ಶಾಲೆಯ ಸುತ್ತ ಮರಗಿಡ ಇದ್ದರೆ ಮಕ್ಕಳ ಓದಿಗೆ ಅನುಕೂಲವಾಗುತ್ತದೆಯೇ ಎಂದು ನೋಡಬೇಕು. ಇನ್ನೂರ ಹನ್ನೆರಡು ಶಾಲೆಗಳು. ನಕ್ಷೆಯಲ್ಲಿ ಪ್ರತಿಯೊಂದರ ಸುತ್ತ ಒಂದು ವೃತ್ತ ಎಳೆಯುತ್ತೇನೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಆ ವೃತ್ತದೊಳಗೆ ಹಸಿರೆಷ್ಟು ಎಂದು ಎಣಿಸುತ್ತೇನೆ. ಪಕ್ಕದಲ್ಲಿ ಆ ಶಾಲೆಯ ಗಣಿತದ ಅಂಕ, ಓದುವ ಅಂಕ.

ನಿನ್ನೆ ನಿಮ್ಮ ಶಾಲೆಯ ಚಿತ್ರ ಬಂತು. ತಗಡಿನ ಮಾಡುಗಳು, ಗೋದಾಮು, ಲಾರಿ ನಿಲ್ಲುವ ಬಯಲು, ಎಲ್ಲ ಬೂದು ಬಣ್ಣ. ಮಧ್ಯೆ ಹೆಬ್ಬೆರಳ ಉಗುರಿನಷ್ಟು ಹಸಿರು. ಅಣ್ಣ ನೆಟ್ಟು ಬೆಳೆಸಿದ ತೋಪು. ಊಟದ ಹೊತ್ತು ಆಗಿತ್ತು, ಏಳಲಾಗಲಿಲ್ಲ.

ಜೊತೆಗಿರುವ ಹಾಳೆಯಲ್ಲಿ ಐದು ಪ್ರಶ್ನೆಗಳಿವೆ. ಹೆಡ್ ಮೇಡಂ ಅದನ್ನು ನಿಮಗೇ ಕೊಡುತ್ತಾರೆ ಎಂದು ಗೊತ್ತು. ಶಾಲೆಯಲ್ಲಿ ನಿಮ್ಮಷ್ಟು ಹಳಬರು ಬೇರೆ ಯಾರೂ ಇಲ್ಲ. ಐದನೆಯದು ಮುಖ್ಯ: ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಮರಗಳ ಕೆಳಗೆ ಇರುತ್ತಾರೆ?

ಅಣ್ಣ ಹೋದಾಗ ರಜೆ ಸಿಗಲಿಲ್ಲ. ಅದನ್ನು ಆಗಲೇ ಹೇಳಿದ್ದೆ.

ನಿಮ್ಮ ಮೈದುನ


ಸೆಪ್ಟೆಂಬರ್ 19

ಸೊನ್ನೆಗೆ ಆಶೀರ್ವಾದ.

ಈ ಹೆಸರು ಹಿಡಿದು ಕರೆಯಲು ಈಗ ನಾನೊಬ್ಬಳೇ ಉಳಿದಿದ್ದೇನೆ. ಆರನೇ ತರಗತಿಯಲ್ಲಿ ಗಣಿತಕ್ಕೆ ಸೊನ್ನೆ ತಂದು ಬಚ್ಚಲಲ್ಲಿ ಅಡಗಿ ಕೂತವನು ಈಗ ಇನ್ನೂರ ಹನ್ನೆರಡು ಶಾಲೆಗಳ ಗಣಿತದ ಅಂಕ ಎಣಿಸುತ್ತಾನೆ ಎಂದರೆ ನಿಮ್ಮಣ್ಣ ಎಷ್ಟು ನಗುತ್ತಿದ್ದರೋ. ‘ಸರ್ಕಾರಕ್ಕೆ ಬೇರೆ ಯಾರೂ ಸಿಗ್ಲಿಲ್ವೇನೋ!’ ಅನ್ನುತ್ತಿದ್ದರು.

ಮರಗಳು ಮೂವತ್ತೊಂದು. ಹಿಪ್ಪುನೇರಳೆ ಒಂಬತ್ತು, ಸೀಬೆ ಆರು, ಮಾವು ನಾಲ್ಕು, ನಡುವೆ ದೊಡ್ಡ ಅತ್ತಿ ಒಂದು, ಮೂಲೆಯಲ್ಲಿ ನಿಂಬೆ ಒಂದು. ಉಳಿದ ಹತ್ತರ ಹೆಸರು ನನಗೆ ತಿಳಿಯದು. ವರ್ಗವಾಗಿ ಹೋದ ಮೇಷ್ಟ್ರುಗಳ ಹೆಸರನ್ನೇ ನಿಮ್ಮಣ್ಣ ಮರಗಳಿಗೆ ಇಟ್ಟಿದ್ದರು. ನಿಂಬೆಗೆ ಯಾರ ಹೆಸರು ಎಂದು ನಿನಗೆ ಗೊತ್ತಲ್ಲ, ನಿನ್ನ ಕಿವಿ ಹಿಂಡುತ್ತಿದ್ದವರದ್ದು. ಅತ್ತಿಮರಕ್ಕೆ ಹತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಅಲ್ಲಿ ಇಟ್ಟಿಗೆ ಚೂರು, ಮುರಿದ ಬೆಂಚು ಮಾತ್ರ ಇತ್ತು. ನೀರು ನಾನು ಹಾಕುತ್ತೇನೆ, ಶಾಲೆ ಬಿಟ್ಟ ಮೇಲೆ. ತೋಪಿನ ಕಡೆಗೆ ಮೂರು ತರಗತಿಗಳ ಕಿಟಕಿಗಳಿವೆ.

ನಿನ್ನ ಲೆಕ್ಕಕ್ಕೆ ಬೇಕೋ ಬೇಡವೋ, ಒಂದು ವಿಷಯ ಹೇಳುತ್ತೇನೆ. ಬಿಡುವು ಮುಗಿದ ಬೆಲ್ ನಾನು ಹೊಡೆದ ಮೇಲೆ ನಿಮ್ಮಣ್ಣ, ನಾನು ಇಬ್ಬರೂ ಜಗಲಿಯಲ್ಲಿ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆವು. ಮಕ್ಕಳ ಗುಜುಗುಜು ನಿಂತು ಮೇಷ್ಟ್ರ ದನಿ ಒಂದೇ ಕೇಳುವವರೆಗೆ. ತೋಪಿನಲ್ಲಿ ಆಡಿ ಬಂದ ದಿನ ನಲವತ್ತು, ಹೆಚ್ಚೆಂದರೆ ಐವತ್ತು. ಮಳೆ ಹಿಡಿದು ಒಳಗೇ ಉಳಿದ ದಿನ ನೂರು ದಾಟುತ್ತಿತ್ತು. ಯಾರ ಎಣಿಕೆ ಸರಿ ಎಂದು ಜಗಳ ಆಗುತ್ತಿತ್ತು. ಜಗಳ ಬೇಡವೆಂದು ನಾನು ದಿನಚರಿಯಲ್ಲಿ ಬರೆದಿಡಲು ಶುರು ಮಾಡಿದೆ. ಹನ್ನೆರಡು ಪುಸ್ತಕಗಳಾಗಿವೆ.

ಈಗಲೂ ಬರೆಯುತ್ತೇನೆ. ಎಣಿಸುವವಳು ಒಬ್ಬಳೇ ಆದ್ದರಿಂದ ಜಗಳವಿಲ್ಲ.

ನಿನ್ನ ಅತ್ತಿಗೆ


ಅಕ್ಟೋಬರ್ 6

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಓದಬಾರದಿತ್ತು. ನಿಂಬೆಮರದ ಸಾಲು ಬಂದಾಗ ಜೋರಾಗಿ ನಕ್ಕುಬಿಟ್ಟೆ. ಎದುರಿನ ಮೇಜಿನವರು ಕನ್ನಡಕದ ಮೇಲಿಂದ ನೋಡಿದರು. ನಾಲ್ಕು ವರ್ಷದಲ್ಲಿ ನಾನು ಮಾಡಿದ ಮೊದಲ ಸದ್ದು ಇರಬೇಕು ಅದು.

ಐದನೆಯ ಪ್ರಶ್ನೆಯ ಜಾಗ ಖಾಲಿ ಇತ್ತು. ಮರೆತಿರುತ್ತೀರಿ. ಅದೇ ಶಾಲೆಯಲ್ಲಿ ಓದಿದ ನನಗೇ ಗೊತ್ತಿರುವ ವಿಷಯಕ್ಕೆ ಮತ್ತೆ ಕಾಗದ ಓಡಾಡುವುದು ಯಾಕೆಂದು ನಾನೇ ತುಂಬಿದ್ದೇನೆ: ಹನ್ನೊಂದರ ಬಿಡುವು, ಊಟದ ಬಿಡುವು, ಒಟ್ಟು ಐವತ್ತು ನಿಮಿಷ.

ಈ ಲೆಕ್ಕ ನೋಡಿದಷ್ಟು ಸುಲಭವಲ್ಲ. ಹೆಚ್ಚು ಮರಗಳಿರುವ ಬೀದಿಗಳಲ್ಲಿ ಅನುಕೂಲಸ್ಥರ ಮನೆಗಳೂ ಹೆಚ್ಚು. ಆ ಮಕ್ಕಳಿಗೆ ಮನೆಪಾಠವಿದೆ, ಓದಲು ಬೇರೆ ಕೋಣೆಯಿದೆ. ಅಂಕ ಬಂದದ್ದು ಮರದಿಂದಲೋ ಮನೆಯಿಂದಲೋ? ಅದನ್ನು ಬಿಡಿಸಬೇಕಾದರೆ ಬಡ ಬೀದಿಯ ನಡುವೆ ಹಸಿರಿರುವ ಶಾಲೆ ಬೇಕು. ಅಂಥವು ನನ್ನ ಪಟ್ಟಿಯಲ್ಲಿ ಒಂಬತ್ತೇ. ಅದರಲ್ಲಿ ನಿಮ್ಮದೂ ಒಂದು. ಹಾಗಾಗಿ ಅಣ್ಣನ ಮೂವತ್ತೊಂದು ಮರಗಳಿಗೆ ಬಹಳ ತೂಕವಿದೆ.

ಕಳೆದ ನಾಲ್ಕು ವರ್ಷಗಳ ಐದನೇ ತರಗತಿಯ ಗಣಿತದ ಉತ್ತರ ಪತ್ರಿಕೆಗಳು ಬೇಕು. ತಿದ್ದಿದ್ದು ಒಂದೇ ಅಳತೆಯಲ್ಲಿದೆಯೇ ಎಂದು ನೋಡಲು. ಮೇಡಂಗೆ ಬೇರೆ ಪತ್ರ ಹಾಕಿದ್ದೇನೆ.

ನಿಮ್ಮ ಮೈದುನ


ಅಕ್ಟೋಬರ್ 30

ಸೊನ್ನೆಗೆ ಆಶೀರ್ವಾದ.

ನಾಲ್ಕು ಕಟ್ಟು ಕಳಿಸಿದ್ದೇನೆ. ಅಟ್ಟದಿಂದ ಇಳಿಸಿ ಧೂಳು ಒರೆಸಿ, ವರ್ಷಕ್ಕೊಂದು ಬಣ್ಣದ ದಾರ ಕಟ್ಟಿದ್ದೇನೆ. ಬಿಚ್ಚುವಾಗ ಹರಿಯಬೇಡ.

ಐದನೆಯದನ್ನು ನೀನು ತುಂಬಿದ್ದು ತಿಳಿಯಿತು.

ಲೆಕ್ಕದ ಮೇಷ್ಟ್ರು ಐದನೇ ತರಗತಿಯ ಬೆಂಚುಗಳನ್ನು ತಿರುಗಿಸಿ ಹಾಕಿದ್ದಾರೆ, ಕಿಟಕಿಗೆ ಬೆನ್ನು ಮಾಡಿ. ‘ಕಣ್ಣು ಹೊರಗ್ ಹೋದ್ರೆ ಲೆಕ್ಕನೂ ಹೊರಗೇ ಹೋಗುತ್ತೆ’ ಅನ್ನುತ್ತಾರೆ. ಅಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಎಲ್ಲರೂ ಅವಳನ್ನು ‘ಕಿಟಕಿ’ ಎಂದೇ ಕರೆಯುತ್ತಾರೆ. ಬೆಂಚು ತಿರುಗಿಸಿದ ಮಾರನೇ ದಿನ ಮನೆಯಿಂದ ಪುಟ್ಟ ಕನ್ನಡಿ ತಂದು ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. ಮೇಷ್ಟ್ರು ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು. ಸಂಜೆ ವಾಪಸು ಕೇಳಲು ಬಂದಳು.

‘ಅಷ್ಟೊತ್ತು ಏನ್ ನೋಡ್ತೀಯೇ ಅದರಲ್ಲಿ?’

‘ಮರ ಇನ್ನೂ ಇದ್ಯಾ ಅಂತ.’

ಕನ್ನಡಿ ಕೊಟ್ಟೆ. ಬೇರೇನೂ ವಿಶೇಷವಿಲ್ಲ.

ಅತ್ತಿಗೆ


ನವೆಂಬರ್ 22

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ಈ ಸಲ ಚಿಕ್ಕದಿತ್ತು. ಮೈ ಸರಿಯಿಲ್ಲವೇ?

ಒಟ್ಟು ಲೆಕ್ಕ ಒಂದು ರೂಪಕ್ಕೆ ಬರುತ್ತಿದೆ. ಮನೆಯ ಅನುಕೂಲವನ್ನು ಕಳೆದು ನೋಡಿದರೂ ಮರಗಳಿರುವ ಕಡೆ ಮಕ್ಕಳ ಅಂಕ ಸ್ವಲ್ಪ ಮೇಲಿದೆ. ಬಹಳವೇನಲ್ಲ, ನೂರಕ್ಕೆ ಎರಡೋ ಮೂರೋ. ಬರೀ ಹುಲ್ಲಿದ್ದರೆ ಅಷ್ಟೂ ಇಲ್ಲ. ಆದರೆ ನಿಮ್ಮ ಶಾಲೆ ಮಾತ್ರ ಉಲ್ಟಾ ನಡೆದಿದೆ. ಹಸಿರು ನಾಲ್ಕು ವರ್ಷದಿಂದ ಹಾಗೇ ಇದೆ, ಚೂರು ಹೆಚ್ಚೇ ಆಗಿದೆ. ಅಂಕ ಮಾತ್ರ ಎರಡು ವರ್ಷದಿಂದ ಇಳಿದಿದೆ. ಮೇಷ್ಟ್ರು ಬದಲಾದರೇ? ಮಕ್ಕಳ ಸಂಖ್ಯೆ ಹೆಚ್ಚಾಯಿತೇ? ಮೇಡಂ ಎರಡೂ ಇಲ್ಲ ಎನ್ನುತ್ತಾರೆ. ಹಾಗಾದರೆ ಅಣ್ಣನ ತೋಪಿನಿಂದ ಉಪಯೋಗವಿಲ್ಲ ಎಂದು ಅಂಕಿಗಳು ಹೇಳುತ್ತಿವೆ. ನನಗೆ ನಂಬಿಕೆ ಬರುತ್ತಿಲ್ಲ. ಆದರೆ ಅಂಕಣದಲ್ಲಿ ನನ್ನ ನಂಬಿಕೆ ಬರೆಯಲು ಜಾಗವಿಲ್ಲ.

ಇದರ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಮೇಲಿನವರು ಕೇಳಿದ್ದಾರೆ. ಅದು ಬೇರೆ ವಿಷಯ.

ನನ್ನ ಕೋಣೆಗೆ ಕಿಟಕಿಯಿಲ್ಲ ಎಂದು ಹೇಳಿದ್ದೆನೇ? ದಿನವಿಡೀ ಹಸಿರು ಚುಕ್ಕೆಗಳನ್ನು ಎಣಿಸುವವನ ಪಕ್ಕದಲ್ಲಿರುವುದು ಒಂದು ಪ್ಲಾಸ್ಟಿಕ್ ಗಿಡ. ಸೋಮವಾರ ಅದರ ಎಲೆ ಒರೆಸುತ್ತೇನೆ. ಅಣ್ಣ ನೋಡಿದ್ದರೆ ಅದಕ್ಕೆ ನನ್ನ ಹೆಸರನ್ನೇ ಇಡುತ್ತಿದ್ದ.

ನಿಮ್ಮ ಮೈದುನ


ಡಿಸೆಂಬರ್ 13

ಅಂಕಿಅಂಶ ವಿಭಾಗದವರಿಗೆ,

ನಿನ್ನೆ ಬೆಳಿಗ್ಗೆ ಇಬ್ಬರು ಬಿಳಿ ಬಣ್ಣದ ಡಬ್ಬಿ ಹಿಡಿದು ಬಂದರು. ತೋಪಿನ ಬೀಗ ತೆಗೆಸಿ, ಒಂದೊಂದು ಮರಕ್ಕೂ ಎದೆಯ ಎತ್ತರದಲ್ಲಿ ಒಂದೊಂದು ನಂಬರು ಬರೆದರು. ಒಂದರಿಂದ ಮೂವತ್ತೊಂದು. ಅತ್ತಿಮರಕ್ಕೆ ಹದಿನಾರು ಬಂದಿದೆ.

‘ಯಾಕಪ್ಪಾ ಇದು?’ ಎಂದು ಕೇಳಿದೆ.

‘ಕಡಿಯೋವಾಗ ಎಣಿಕೆ ತಪ್ಪಬಾರ್ದಲ್ಲಮ್ಮಾ.’

ಆರು ಕೋಣೆಗಳ ಹೊಸ ಕಟ್ಟಡವಂತೆ. ಅಂಕ ಇಳಿದಿರುವ ಶಾಲೆಗೆ ಹೆಚ್ಚಿನ ಪಾಠ ನಡೆಸಲು. ಮೇಡಂ ಮೇಜಿನ ಮೇಲೆ ಪಟ್ಟಿ ಇತ್ತು. ‘ಓದಿಗೆ ಉಪಯೋಗ ಕಾಣದ ಖಾಲಿ ಜಾಗಗಳು’ ಎಂದು ತಲೆಬರಹ. ಕೆಳಗೆ ತಯಾರಿಸಿದವರ ಸಹಿ. ಆ ಸಹಿ ನನಗೆ ಗೊತ್ತು. ಸ್ಲೇಟಿನ ಮೇಲೆ ಅದನ್ನು ತಿದ್ದಿಸಿದವಳು ನಾನೇ.

ಅದು ಬೇರೆ ವಿಷಯ ಎಂದು ಬರೆದಿದ್ದಿರಿ. ಆಗಲಿ.

ಶಾಲೆಯ ಅಟೆಂಡರ್


ಡಿಸೆಂಬರ್ 21

ಅತ್ತಿಗೆ,

ನೀವು ನನ್ನನ್ನು ಬಹುವಚನದಲ್ಲಿ ಕರೆದಿದ್ದು ಇದೇ ಮೊದಲು. ಬೈದಿದ್ದರೆ ವಾಸಿಯಿತ್ತು.

ಆ ಪಟ್ಟಿ ಮಾಡಿದವನು ನಾನೇ. ಹಸಿರಿದೆ, ಮಕ್ಕಳು ದಿನಾ ಐವತ್ತು ನಿಮಿಷ ಅಲ್ಲಿರುತ್ತಾರೆ, ಆದರೂ ಅಂಕ ಇಳಿದಿದೆ. ಹೀಗಿದ್ದರೆ ಹೆಸರು ಪಟ್ಟಿಗೆ ಹೋಗಬೇಕು. ಅದು ನಿಯಮ. ನಿಮಗೆ ಬರೆಯುವ ಧೈರ್ಯ ಬರಲಿಲ್ಲ.

ನಿಮ್ಮ ಪತ್ರ ಬಂದ ದಿನ ಉತ್ತರ ಪತ್ರಿಕೆಗಳ ಕಟ್ಟು ಮತ್ತೆ ಬಿಚ್ಚಿದೆ. ಇಷ್ಟು ದಿನ ಅಂಕ ಮಾತ್ರ ನೋಡಿದ್ದೆ. ಈ ಸಲ ಹಾಳೆಗಳನ್ನು ನೋಡಿದೆ. ಕೆಂಪು ದಾರ, ಹಳದಿ ದಾರದ ಕಟ್ಟುಗಳಲ್ಲಿ ಹಾಳೆಯ ಮೂಲೆಗಳೆಲ್ಲ ನೇರಳೆ ಬಣ್ಣದ ಬೆರಳ ಗುರುತು. ಮಾರ್ಚ್ ಪರೀಕ್ಷೆಯ ಹೊತ್ತಿಗೆ ಹಿಪ್ಪುನೇರಳೆ ಹಣ್ಣಾಗುತ್ತದಲ್ಲ. ಒಬ್ಬ ಭಾಗಾಕಾರದ ಮೇಲೇ ಇಡೀ ಅಂಗೈ ಒತ್ತಿದ್ದಾನೆ. ನೀಲಿ, ಹಸಿರು ದಾರದ ಕಟ್ಟುಗಳು ಈಚಿನ ಎರಡು ವರ್ಷದವು. ಅದರಲ್ಲಿ ಒಂದು ಕಲೆಯೂ ಇಲ್ಲ. ನೂರ ಎಂಟು ಹಾಳೆ, ಎಲ್ಲ ಬೆಳ್ಳಗೆ.

‘ಬೀಗ ತೆಗೆಸಿ’ ಎಂದು ನೀವು ಬರೆದಿದ್ದೀರಿ. ಆವತ್ತಿನಿಂದ ಆ ಮಾತೇ ತಲೆಯಲ್ಲಿದೆ. ಯಾಕೆಂದರೆ ಆ ಬೀಗವನ್ನು ನಾನು ನೋಡಿದ್ದೇನೆ. ರಜೆ ಸಿಗಲಿಲ್ಲ ಎಂದದ್ದು ಸುಳ್ಳು. ನಾಲ್ಕನೆಯ ದಿನ ಬಂದಿದ್ದೆ. ಸುದ್ದಿ ತಿಳಿದೂ ಮೂರು ದಿನ ಕೋಣೆಯಲ್ಲೇ ಕೂತಿದ್ದವನಿಗೆ ಮನೆಗೆ ಬರಲು ಮುಖವಿರಲಿಲ್ಲ, ಶಾಲೆಯ ಎದುರು ರಸ್ತೆಯಲ್ಲಿ ನಿಂತೆ. ನೀವು ತೋಪಿನ ಗೇಟಿಗೆ ಬೀಗ ಹಾಕುತ್ತಿದ್ದಿರಿ. ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದಿರಿ. ನಿಮಗೆ ಯಾರೂ ಬೇಡ ಅನ್ನಿಸಿತು. ಮುಂದಿನ ಬಸ್ಸಿಗೆ ವಾಪಸು ಬಂದೆ.

ಆ ಬೀಗ ಆವತ್ತಿನ ಮಟ್ಟಿಗೆ ಅಂದುಕೊಂಡಿದ್ದೆ. ಅತ್ತಿಗೆ, ಮಕ್ಕಳು ಎಂದಿನಿಂದ ಒಳಗೆ ಹೋಗಿಲ್ಲ?


ಜನವರಿ 8

ತಮ್ಮಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಅವತ್ತು ಹನ್ನೊಂದರ ಬಿಡುವು. ನಾನು ಜಗಲಿ ಗುಡಿಸುತ್ತಿದ್ದೆ. ತೋಪಿನಲ್ಲಿ ಸದ್ದೇ ಇರಲಿಲ್ಲ. ಇವತ್ತೇನು ಇಷ್ಟು ಒಳ್ಳೆಯವರಾಗಿದ್ದಾರೆ ಎಂದುಕೊಂಡೆ. ಬೆಲ್ ಹೊಡೆದೆ. ಮಕ್ಕಳು ಸಾಲಾಗಿ, ಹೆಜ್ಜೆ ಸಪ್ಪಳ ಮಾಡದೆ ಬಂದರು. ಒಬ್ಬಳು ತುಟಿಗೆ ಬೆರಳಿಟ್ಟು, ‘ಶ್... ತಾತ ಮಲಗಿದ್ದಾರೆ’ ಎಂದಳು. ನಿಮ್ಮಣ್ಣ ಅತ್ತಿಮರಕ್ಕೆ ಒರಗಿ ಕೂತಿದ್ದರು. ಮುಖಕ್ಕೆ ಬಿಸಿಲು ಬೀಳದಿರಲಿ ಎಂದು ಮಕ್ಕಳು ದೊಡ್ಡದೊಂದು ಎಲೆ ಮುಚ್ಚಿದ್ದರು. ಇಪ್ಪತ್ತು ನಿಮಿಷ ಅವರ ಸುತ್ತ ಪಿಸುಪಿಸು ಮಾತಾಡಿಕೊಂಡು ಆಡಿದ್ದರು.

ಕೂತ ಕ್ಷಣಕ್ಕೇ ಹೋಗಿದ್ದಾರೆ, ಎಬ್ಬಿಸಿದ್ದರೂ ಏಳುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನನಗೆ ಅದು ಕೇಳಿಸಿತು, ಒಳಗೆ ಇಳಿಯಲಿಲ್ಲ. ಮೂವತ್ತು ಮಕ್ಕಳಲ್ಲಿ ಒಬ್ಬರೂ ಕೂಗಲಿಲ್ಲವಲ್ಲ. ಯಾವತ್ತೂ ಸುಮ್ಮನಿರದವರು ಅವತ್ತೊಂದು ದಿನ ಸುಮ್ಮನಿದ್ದರಲ್ಲ.

ಹಳೆಯ ಮೇಡಂ ಒಂದು ವಾರ ತೋಪು ಮುಚ್ಚಿರಲಿ ಎಂದರು. ಬೀಗ ನಾನು ಹಾಕಿದೆ. ಮುಂದಿನ ತಿಂಗಳು ಅವರು ನಿವೃತ್ತರಾದರು. ಹೊಸ ಮೇಡಂ ಬಂದು, ‘ಇದ್ಯಾಕೆ ಬೀಗ?’ ಎಂದಾಗ, ‘ಮೇಲಿನ ಆದೇಶ’ ಎಂದೆ. ಅವರೇ ಒಂದು ಬೋರ್ಡು ಬರೆಸಿ ಹಾಕಿದರು. ಎರಡು ವರ್ಷವಾಗುತ್ತಾ ಬಂತು, ಕೀಲಿ ನನ್ನ ಸೊಂಟದಲ್ಲಿದೆ. ಶಾಲೆ ಬಿಟ್ಟ ಮೇಲೆ ನಾನೊಬ್ಬಳೇ ಒಳಗೆ ಹೋಗಿ ನೀರು ಹಾಕಿ ಅತ್ತಿಯ ಕೆಳಗೆ ಕೂರುತ್ತೇನೆ. ಹಣ್ಣು ಉದುರಿ ನೆಲದಲ್ಲೇ ಕೊಳೆಯುತ್ತದೆ. ಅದು ನನ್ನದು, ಅವರದಲ್ಲ ಎಂದುಕೊಂಡಿದ್ದೆ.

ದಿನಚರಿ ತೆಗೆದು ನೋಡಿದೆ. ಬೀಗ ಹಾಕಿದ ಮೇಲೆ ಗುಜುಗುಜು ನಿಲ್ಲಲು ನೂರಿಪ್ಪತ್ತು, ನೂರೈವತ್ತು, ಒಂದು ದಿನ ಇನ್ನೂರು. ದಿನಾ ಬರೆಯುತ್ತಿದ್ದೆ, ಒಂದು ದಿನವೂ ಓದಲಿಲ್ಲ.

ಐದನೆಯ ಪ್ರಶ್ನೆಯನ್ನು ನಾನು ಮರೆತಿರಲಿಲ್ಲ. ನೀನು ಎದುರು ರಸ್ತೆಗೆ ಬಂದು ಹಿಂದಿರುಗಿದೆ ಎಂದೆಯಲ್ಲ, ಆಗ ಒಂದು ಕೂಗು ಹಾಕಿದ್ದರೆ ನಾನು ಆ ಬೀಗ ಹಾಕುತ್ತಿದ್ದೆನೋ ಇಲ್ಲವೋ. ಮಕ್ಕಳಂತೆ ನೀನೂ ಸುಮ್ಮನಿದ್ದೆ.

ಅತ್ತಿಗೆ


ಜನವರಿ 19

ಅತ್ತಿಗೆ,

ಕೂಗಬೇಕಿತ್ತು. ಕೆಲಸದ ಮಾತಿಗೆ ಬರುತ್ತೇನೆ. ನನಗೆ ಬರುವುದು ಅದೊಂದೇ.

ಫೆಬ್ರವರಿ ಹತ್ತಕ್ಕೆ ಸಮಿತಿ ಕೂರುತ್ತದೆ. ಮರ ಇರುವುದು ಬೇರೆ, ಮಕ್ಕಳು ಮರದ ಕೆಳಗಿರುವುದು ಬೇರೆ. ನಿಮ್ಮ ಶಾಲೆಯ ಅಂಕ ಇಳಿದದ್ದು ತೋಪು ಇದ್ದೂ ಅಲ್ಲ, ತೋಪು ಮುಚ್ಚಿದ ಮೇಲೆ. ಇಷ್ಟು ತೋರಿಸಿದರೆ ಪಟ್ಟಿಯಿಂದ ಹೆಸರು ತೆಗೆಯಬಹುದು. ಒಂದು ಶಾಲೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವರು ಹೇಳುತ್ತಾರೆ, ಅದು ಸರಿಯೇ. ಸಾಬೀತು ಆಗದಿದ್ದರೂ ‘ಉಪಯೋಗವಿಲ್ಲ’ ಎಂಬ ಮಾತು ಅಳಿದರೆ ಸಾಕು.

ಅದಕ್ಕೆ ಬರಹದಲ್ಲಿ ಬೇಕು: ಯಾವ ದಿನದಿಂದ ಮುಚ್ಚಿತ್ತು, ಯಾರು ಮುಚ್ಚಿದರು. ನಿಮ್ಮ ಸಹಿ. ಎರಡು ಹಳೆಯ, ಎರಡು ಹೊಸ ದಿನಚರಿಗಳೂ ಬೇಕು. ಇಲ್ಲದ ಆದೇಶವನ್ನು ಇದೆ ಎಂದದ್ದಕ್ಕೆ ನಿಮ್ಮ ಮೇಲೆ ಕ್ರಮ ಆಗಬಹುದು. ನಿವೃತ್ತಿಗೆ ಮೂರು ವರ್ಷ ಉಳಿದಿದೆ. ಮುಚ್ಚಿದವರ ಹೆಸರಿಲ್ಲದೆ ಬರೆದು ನೋಡಿದೆ, ಮೇಲಿನವರು ಅದನ್ನೇ ಮೊದಲು ಕೇಳುತ್ತಾರೆ.

ಕಳಿಸದಿದ್ದರೆ ನಾನು ಮತ್ತೆ ಕೇಳುವುದಿಲ್ಲ. ನೀವು ನನ್ನ ಅತ್ತಿಗೆಯೇ ಆಗಿರುತ್ತೀರಿ.


ಫೆಬ್ರವರಿ 2

ಸೊನ್ನೆಗೆ,

ಸಹಿ ಮಾಡಿದ ಹಾಳೆ, ನಾಲ್ಕು ದಿನಚರಿಗಳು ಇದರ ಜೊತೆಗಿವೆ. ಎಣಿಕೆ ಮಾತ್ರ ಓದು. ನಡುವೆ ಬೇರೆ ಮಾತುಗಳೂ ಇವೆ. ಅವು ಸಮಿತಿಗೆ ಬೇಡ.

ಮೊದಲು ಮೇಡಂ ಕೋಣೆಗೆ ಹೋಗಿ ಕೀಲಿಯನ್ನು ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ‘ನೀವ್ ಕೇಳಿದ್ರೆ ನಾನೇ ಇನ್ನೊಂದ್ ತಿಂಗಳು ಮುಚ್ಚಿರ್ತಿದ್ದೆ. ಸುಳ್ಳ್ ಯಾಕ್ ಹೇಳಿದ್ರಿ?’ ಎಂದರು. ಒಂದು ತಿಂಗಳು ಸಾಲುತ್ತಿರಲಿಲ್ಲ ಮೇಡಂ ಎಂದೆ. ‘ಹೋಗಿ, ತೆಗೀರಿ’ ಎಂದರು.

ಹನ್ನೊಂದರ ಬೆಲ್ ಹೊಡೆದು ಗೇಟು ತೆಗೆದೆ. ಮಕ್ಕಳು ಬಾಗಿಲ ಹತ್ತಿರವೇ ನಿಂತರು, ಒಬ್ಬರೂ ಒಳಗೆ ಕಾಲಿಡಲಿಲ್ಲ. ಆಮೇಲೆ ಆ ‘ಕಿಟಕಿ’ ಮುಂದೆ ಬಂದಳು. ಅವತ್ತು ತುಟಿಗೆ ಬೆರಳಿಟ್ಟವಳು ಅವಳೇ. ಆಗ ಮೂರನೇ ತರಗತಿಯಲ್ಲಿದ್ದಳು.

‘ಅಜ್ಜಿ, ಶಿಕ್ಷೆ ಮುಗೀತಾ?’

‘ಯಾವ ಶಿಕ್ಷೆ ಮಗಾ?’

‘ನಾವು ತಾತನ್ನ ಎಬ್ಬಿಸ್ಲಿಲ್ಲ ಅಂತ ಹಾಕಿದ್ರಲ್ಲ, ಅದು.’

ಎರಡು ವರ್ಷ ಇದನ್ನು ಅವರು ತಮ್ಮ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಮನೆಯಲ್ಲೂ ಹೇಳಿಲ್ಲವಂತೆ. ಹಾಗೇನಿಲ್ಲ ಎನ್ನಬಹುದಿತ್ತು. ಆದರೆ ಅವಳು ಹೇಳಿದ್ದು ನಿಜವಾಗಿತ್ತಲ್ಲ.

‘ಮುಗೀತು,’ ಎಂದೆ. ‘ಅದು ತಪ್ಪು ಶಿಕ್ಷೆ. ಹಾಕಿದವಳದೇ ತಪ್ಪು. ಹೋಗಿ, ಆಡ್ಕೊಳಿ.’

ಹೋದರು. ಆದರೆ ಅತ್ತಿಮರದ ಸುತ್ತ ಒಂದಷ್ಟು ಜಾಗ ಬಿಟ್ಟು ಆಡುತ್ತಾರೆ. ನಾನು ಈಗ ಅದರ ಕೆಳಗೆ ಕೂರುವುದಿಲ್ಲ. ಸಂಜೆ ನೀರು ಹಾಕಿ ನೇರ ಮನೆಗೆ ಬರುತ್ತೇನೆ. ಇನ್ನೂ ಬಿಸಿಲಿರುತ್ತದೆ. ಮನೆಯಲ್ಲಿ ಅಷ್ಟು ಹೊತ್ತು ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಅತ್ತಿಗೆ


ಮಾರ್ಚ್ 9

ಅತ್ತಿಗೆಗೆ ನಮಸ್ಕಾರ.

ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಸದ್ಯಕ್ಕೆ ಒಂದು ವರ್ಷ. ಮುಂದಿನ ಮಾರ್ಚಿನ ಅಂಕ ನೋಡಿ ಮತ್ತೆ ಯೋಚಿಸುತ್ತಾರೆ. ಮಕ್ಕಳು ಇನ್ನು ಒಳಗೆ ಹೋಗಿ ಬರುತ್ತಿದ್ದಾರೆಂದು ಮೇಡಂ ತಿಂಗಳಿಗೊಮ್ಮೆ ಬರೆದು ಕಳಿಸಬೇಕು. ಕೀಲಿ ಅವರ ಬಳಿಯೇ ಇರಬೇಕು. ನಿಮ್ಮ ಸೇವಾ ಪುಸ್ತಕದಲ್ಲಿ ಒಂದು ಸಾಲು ಬರುತ್ತದೆ, ಅಷ್ಟೇ. ನನ್ನದರಲ್ಲೂ ಒಂದು ಸಾಲು. ಉತ್ತರದ ಖಾಲಿ ಜಾಗವನ್ನು ನೆನಪಿನಿಂದ ತುಂಬಿದ್ದಕ್ಕೆ.

ಐದನೆಯ ಪ್ರಶ್ನೆಯನ್ನು ಎಲ್ಲ ಶಾಲೆಗಳಿಗೂ ಮತ್ತೆ ಕಳಿಸಿದೆವು. ಇನ್ನೂ ಹದಿನೇಳು ಶಾಲೆಗಳ ಹಸಿರು ಗೋಡೆಯ ಆಚೆಗೆ, ಬೇಲಿಯ ಒಳಗೆ ಇತ್ತು. ನಕ್ಷೆಯಲ್ಲಿ ಮಾತ್ರ ಹಸಿರು. ವರದಿಯಲ್ಲಿ ನನ್ನದೊಂದು ವಾಕ್ಯ ಉಳಿಸಿಕೊಂಡಿದ್ದೇನೆ: ಮರ ಎಣಿಸುವ ಮೊದಲು ಮಗುವಿನ ಕಾಲು ಅಲ್ಲಿಗೆ ತಲುಪುತ್ತದೆಯೇ ಎಂದು ಕೇಳಬೇಕು.

ದಿನಚರಿಗಳನ್ನು ವಾಪಸು ಕಳಿಸಿದ್ದೇನೆ. ಎಣಿಕೆ ಮಾತ್ರ ಓದಿದೆ ಎಂದರೆ ನೀವು ನಂಬುವುದಿಲ್ಲ. ಕ್ಷಮಿಸಿ. ಒಂದು ಕಡೆ, ‘ಸೊನ್ನೆ ಇವತ್ತೂ ಬರಲಿಲ್ಲ’ ಎಂದಿದೆ. ಮುಂದಿನ ಪುಟದಲ್ಲೂ ಅದೇ.

ಪರೀಕ್ಷೆಗಳು ಮುಗಿದ ಮೇಲೆ ಬರಲೇ? ನಾಲ್ಕು ದಿನ ರಜೆ ಇದೆ. ಈ ಸಲ ನಿಜವಾಗಿ.

ನಿಮ್ಮ ಸೊನ್ನೆ


ಮಾರ್ಚ್ 28

ಸೊನ್ನೆಗೆ ಆಶೀರ್ವಾದ.

ನಾಳಿದ್ದು ಕೊನೆಯ ಪರೀಕ್ಷೆ, ಗಣಿತದ್ದು. ಲೆಕ್ಕದ ಮೇಷ್ಟ್ರು ಬೆಂಚುಗಳನ್ನು ಮೊದಲಿನ ಹಾಗೆ ಹಾಕಿದ್ದಾರೆ. ‘ಹಾಗೂ ನೋಡ್ತಾವೆ, ಹೀಗೂ ನೋಡ್ತಾವೆ. ಕತ್ತಾದ್ರೂ ನೆಟ್ಟಗಿರ್ಲಿ’ ಎಂದರು. ಅಂಕ ಎಷ್ಟು ಬರುತ್ತದೋ ನನಗೆ ತಿಳಿಯದು. ಎಣಿಕೆ ಐವತ್ತೈದಕ್ಕೆ ಇಳಿದಿದೆ. ನಲವತ್ತು ಇನ್ನೂ ಬಂದಿಲ್ಲ.

ಇವತ್ತಿನದೊಂದು ಬರೆಯಬೇಕು. ಹನ್ನೊಂದರ ಬಿಡುವಿಗೆ ನಾನೂ ತೋಪಿನೊಳಗೆ ಹೋದೆ. ಎರಡು ತಿಂಗಳಾದ ಮೇಲೆ ಅತ್ತಿಯ ಕೆಳಗೆ ಕೂತೆ. ಬಿಸಿಲು, ಮಕ್ಕಳ ಗಲಾಟೆ. ಆ ಗಲಾಟೆಯಲ್ಲೇ ಕಣ್ಣು ಮುಚ್ಚಿಹೋಯಿತು.

ಯಾರೋ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ‘ಅಜ್ಜಿ! ಅಜ್ಜಿ, ಏಳಿ! ಬೆಲ್ ಅಜ್ಜಿ!’ ಒಬ್ಬರಲ್ಲ, ಹತ್ತು ಹದಿನೈದು ಕೈಗಳು. ಕಣ್ಣು ಬಿಟ್ಟರೆ ಸುತ್ತ ಮುಖಗಳು, ರಕ್ತವಿಲ್ಲದಂತೆ. ‘ಕಿಟಕಿ’ ನನ್ನ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಅಳುತ್ತಿದ್ದಳು. ಮೇಷ್ಟ್ರನ್ನು ಕರೆಯಲು ಇಬ್ಬರು ಆಗಲೇ ಓಡಿದ್ದರು.

‘ನಿದ್ದೆ ಕಣ್ರೇ, ಬರೀ ನಿದ್ದೆ,’ ಎಂದೆ.

‘ಇನ್ನೊಂದ್ ಸಲ ಹೇಳಿ,’ ಎಂದಳು.

ಹೇಳಿದೆ. ಎಷ್ಟು ಸಲ ಹೇಳಿದೆನೋ. ಬೆಲ್ ಏಳು ನಿಮಿಷ ತಡವಾಯಿತು. ಹಾಗೆಂದು ದಿನಚರಿಯಲ್ಲಿ ಬರೆದಿದ್ದೇನೆ. ಎಣಿಸಲು ಮರೆತೆ.

ಸಂಜೆ ಮನೆಗೆ ಬಂದು ನೋಡಿದರೆ ಸೀರೆಯ ಭುಜ, ಸೆರಗು, ತೋಳು ಎಲ್ಲ ನೇರಳೆ ಬೆರಳುಗಳು. ನೆನೆಸಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ. ಆಮೇಲೆ ಉಜ್ಜುವುದನ್ನು ಬಿಟ್ಟು ಹಗ್ಗಕ್ಕೆ ಹಾಕಿದೆ. ಇದನ್ನು ಬರೆಯುತ್ತಾ ಅದನ್ನೇ ನೋಡುತ್ತಿದ್ದೇನೆ. ಮನೆಯಲ್ಲಿ ತೋರಿಸಲು ಯಾರೂ ಇಲ್ಲ.

ಬಂದರೆ ತೋರಿಸುತ್ತೇನೆ. ಎದುರು ರಸ್ತೆಯಲ್ಲಿ ನಿಲ್ಲಬೇಡ.

ಅತ್ತಿಗೆ